ದೇವಿಕಾರಾಣಿ ತೋಟದ ಘಮಘಮ ಮರ

'ಅಛೂತ್ ಕನ್ಯಾ' (1936) ನೋಡಿದ ಚಿತ್ರರಸಿಕರಿಗೆ ಆ ದೃಶ್ಯ ನೆನಪಿರುತ್ತೆ. ಅಶೋಕ್ ಕುಮಾರ್ ಜೊತೆ ಮರದ ಕೊಂಬೆ ಮೇಲೆ ಕೂತು ದೇವಿಕಾರಾಣಿ ಹಾಡೋದು! ಅದು ಸಿನಿಮಾ ಮರ ಸ್ವಾಮಿ. ಆಕೆಯ ಸ್ವಂತ ಮರಗಳಿರೋದು ನಮ್ಮ ಬೆಂಗಳೂರಿನ ಸೆರಗಿನಲ್ಲೇ, ಕನಕಪುರ ರಸ್ತೆಯ ತಾತಗುಣಿಯಲ್ಲಿ. ನಾಲ್ಕು ಹೂಕುಂಡ ಅಲ್ಲ, ಸುಮಾರು 470 ಎಕರೆ!

ಬಾಂಬೆ ಟಾಕೀಸಿನ ಒಡತಿ, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊಟ್ಟಮೊದಲ ವ್ಯಕ್ತಿ (1969ರ ಸಾಲಿನದು). ಇಂಥ ತಾರೆ 1945ರಲ್ಲಿ, ಇನ್ನೂ 37ರ ಪ್ರಾಯದಲ್ಲಿ, ಬೆಳ್ಳಿತೆರೆಗೆ ನಮಸ್ಕಾರ ಹೇಳಿ ರಷ್ಯಾದ ಚಿತ್ರಕಲಾವಿದ ಸ್ವೆಟೊಸ್ಲಾವ್ ರೋರಿಚ್ ಕೈ ಹಿಡಿದರು. ಮೊದಲು ಕುಲು ಕಣಿವೆ, ಆಮೇಲೆ ನಮ್ಮೂರು. ಇಲ್ಲಿ ಅವರು ಬೆಳೆಸಿದ್ದು ಲಿನಾಲೋ ಅನ್ನೋ ಮೆಕ್ಸಿಕೋ ಮರ. ಅದಕ್ಕೆಂದೇ 1954ರಲ್ಲಿ ಸರ್ಕಾರ 100 ಎಕರೆ ಪುಕ್ಕಟೆ ಮಂಜೂರು ಮಾಡಿತ್ತು ಅಂದ್ರೆ ನಂಬ್ತೀರಾ?

ನಾನು ಹೊರಟದ್ದಕ್ಕೆ ಬೇರೆ ಕಾರಣ ಇತ್ತು. ನಮ್ಮದು 30×40 ಸೈಟು. ಮನೆ ಕಟ್ಟಿ ಉಳಿದದ್ದು ಹಿಂದೆ ಹನ್ನೆರಡಡಿ, ಮುಂದೆ ಆರಡಿ. ಹಿತ್ತಿಲಿಗೆ ಶೀಟು ಹೊದಿಸಿ ಬಾಡಿಗೆಗೆ ಬಿಡೋಣ ಅಂತ ಅಣ್ಣ. "ಬೀದಿ ತುಂಬ ಇರೋ ಕ್ರೋಟನ್‌ಗೆ ಜಾಗ ಯಾಕೋ ದಂಡ?" ಅಂತಾನೆ. ಬೀದೀಲಿ ಯಾರ ಮನೇಲೂ ಇಲ್ಲದ ಮರ ತರ್ತೀನಿ ಅಂದೆ. ಮುಂದಿನ ಮಳೆಗಾಲದೊಳಗೆ ಚಿಗುರು ಕಾಣಬೇಕು, ಇಲ್ಲಾಂದ್ರೆ ಶೀಟೇ ಅಂತ ಕರಾರಾಯ್ತು.

ಮೆಟ್ರೋ ಹಸಿರು ಮಾರ್ಗದ ತುದಿ ಸಿಲ್ಕ್ ಇನ್‌ಸ್ಟಿಟ್ಯೂಟ್. ಅಲ್ಲಿಂದ ಬಸ್ಸು. ಅಪಾರ್ಟ್‌ಮೆಂಟುಗಳ ಸಾಲು ದಾಟಿದ ಮೇಲೆ ಇದ್ದಕ್ಕಿದ್ದಂತೆ ಹಸಿರು. ಬೇಲಿ ಪಕ್ಕ ಬಿದ್ದಿದ್ದ ಎಲೆಯೊಂದನ್ನು ಬೆರಳಲ್ಲಿ ಹೊಸಕಿದೆ... ಅಬ್ಬಾ! ಕೊತ್ತಂಬರಿ ಬೀಜಕ್ಕೆ ಕಿತ್ತಳೆ ಸಿಪ್ಪೆ ಬೆರೆಸಿದ ಹಾಗೆ. ಸುಳ್ಳಲ್ಲ, ಕೊತ್ತಂಬರಿ ಬೀಜದಲ್ಲಿರೋ ಲಿನಲೂಲ್ ಇದರಲ್ಲೂ ಇದೆ. ಮರ ನಮ್ಮ ಗುಗ್ಗುಳದ ಬಳಗದ್ದು. ಮೆಕ್ಸಿಕೋದಲ್ಲಿ ಕಟ್ಟಿಗೆಯಿಂದ ಎಣ್ಣೆ ತೆಗೀತಿದ್ರು, ಅಂದ್ರೆ ಮರಕ್ಕೇ ಕೊಡಲಿ. ಇಲ್ಲಿ ಕಾಯಿ ಸಿಪ್ಪೆಯನ್ನು ಹಬೆಯಲ್ಲಿ ಬೇಯಿಸಿ ಇಳಿಸ್ತಾರೆ, ಮರ ಉಳೀತದೆ. ಸೆಂಟಿಗೂ ಸೋಪಿಗೂ ಆ ಎಣ್ಣೆ ಬೇಕು.

ಬೇಲಿಯಿಂದಾಚೆ ಒಂದು ಕೊಂಬೆ ಕೈಗೆ ಎಟುಕೋ ಹಾಗೆ ಬಾಗಿತ್ತು. ಒಂದೇ ಒಂದು ಗೇಣು ಕಡ್ಡಿ... ದೇವಿಕಾರಾಣಿ ತೋಟದ ಕಡ್ಡಿ! ಯಾವ ಅಭಿಮಾನಿಗೆ ಕೈ ತುರಿಸಲ್ಲ ಹೇಳಿ? ಆದರೆ ಈ ತೋಟಕ್ಕೆ ಕೈ ಹಾಕಿದವರು ಈಗಾಗಲೇ ಸಾಕಷ್ಟು ಜನ. ದಂಪತಿಗೆ ಮಕ್ಕಳಿಲ್ಲ. 1993ರಲ್ಲಿ ಆತ ಹೋದರು, 1994ರಲ್ಲಿ ಆಕೆ. 1996ರಲ್ಲಿ ಕಾನೂನು ಮಾಡಿ ಸರ್ಕಾರ ಎಸ್ಟೇಟ್ ತಗೊಂಡಿತು. ವ್ಯಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿ, 2011ರಲ್ಲಿ ಸರ್ಕಾರದ ಪರ ತೀರ್ಪಾಯಿತು. ಕೊಂಬೆಯನ್ನು ಮೂಸಿ ಬಿಟ್ಟೆ. ಕಡ್ಡಿಯನ್ನು ಸುಗಂಧ ಸಸ್ಯಗಳ ನರ್ಸರಿಯೊಂದರಲ್ಲಿ ದುಡ್ಡು ಕೊಟ್ಟೇ ತಂದೆ.

ಲಿನಾಲೋ ಕಡ್ಡಿಯಿಂದಲೇ ಬರುತ್ತೆ. ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಕೂಡದು. ಚಳಿಗಾಲಕ್ಕೆ ಎಲೆ ಉದುರಿಸಿ ಬೋಳಾದ್ರೆ ಸತ್ತೋಯ್ತು ಅಂತ ಕಿತ್ತು ಬಿಸಾಕಬೇಡಿ! ಹಿತ್ತಿಲಿನ ಮೂಲೆ ಅದಕ್ಕೆ ಅಂತ ಗೊತ್ತು ಮಾಡಿದೆ. ಲಾಲ್‌ಬಾಗಿನ ನಾಗಲಿಂಗ ಪುಷ್ಪದ ಮೇಲೂ ಕಣ್ಣಿತ್ತು. ಆದರೆ ಅದರ ಕಾಯಿ ಫಿರಂಗಿ ಗುಂಡು, ತಲೆ ಮೇಲೆ ಬಿದ್ರೆ ಕಥೆ 'ಶುಭಂ'. ಸಣ್ಣ ಸೈಟಿಗೆ ಬೇಡವೇ ಬೇಡ.

ಮುಂದಿನ ಆರಡಿಗೆ ಬ್ರನ್‌ಫೆಲ್ಸಿಯಾ, ದಕ್ಷಿಣ ಅಮೆರಿಕದ ಪೊದೆ. 'ನಿನ್ನೆ ಇಂದು ನಾಳೆ' ಅಂತಲೂ ಕರೀತಾರೆ. ಅರಳಿದ ದಿನ ಗಾಢ ನೇರಳೆ, ಮರುದಿನ ತಿಳಿ, ಮೂರನೇ ದಿನಕ್ಕೆ ಅಚ್ಚ ಬಿಳುಪು. ಈಸ್ಟ್‌ಮನ್ ಕಲರ್‌ನಲ್ಲಿ ಶುರುವಾಗಿ ಬಣ್ಣವೆಲ್ಲ ಹಾರಿಹೋದ ರೀಲಿನ ಹಾಗೆ! ಒಂದೇ ಗಿಡದಲ್ಲಿ ಮೂರೂ ಬಣ್ಣ ಒಟ್ಟಿಗೆ. ಅದರ ಕಾಯಿ ನಾಯಿಗಳಿಗೆ ವಿಷ, ಹಾಗಾಗಿ ಸುತ್ತ ಜಾಲರಿ ಹಾಕಿದ್ದೀನಿ. ಎದುರುಮನೆ ರಾಜ ದಿನಾ ಬಂದು ಅದರ ಸಂದಿಯಲ್ಲಿ ಮೂತಿ ತೂರಿಸಿ ಮೂಸಿ ಹೋಗ್ತಾನೆ.