ಬೇಟೆಗೊಬ್ಬ ಜತೆಗಾರ

ಮದುವೆಗೆ ಅಡಿಗೆಯವರನ್ನು ಗೊತ್ತುಮಾಡುವುದು, ಮನೆ ಕಟ್ಟಿಸಲು ಮೇಸ್ತ್ರಿಯನ್ನು ಹಿಡಿಯುವುದು, ಇವೆರಡೂ ಗೃಹಸ್ಥನ ಸಾಮರ್ಥ್ಯಕ್ಕೆ ಪರೀಕ್ಷೆಗಳು. ಇಬ್ಬರಲ್ಲಿಯೂ ಮಾತಿಗೆ ಬರವಿಲ್ಲ; ಕೆಲಸ ಮಾತ್ರ ಮುಂಗಡ ಕೊಟ್ಟ ಮೇಲೆ ತಿಳಿಯುವಂಥದು. ಇವೆರಡನ್ನೂ ಹೇಗೋ ದಾಟಿದ ನನಗೆ ಮೂರನೆಯದೊಂದು ಅಮೆರಿಕದಲ್ಲಿ ಕಾದಿದ್ದೀತೆಂದು ಯಾರು ಎಣಿಸಿದ್ದರು? ಹುಟ್ಟಾ ಸಸ್ಯಾಹಾರಿಯಾದ ನಾನು ಬೇಟೆಗೆ ಕರೆದೊಯ್ಯುವವನನ್ನು ಆರಿಸಿಕೊಡಬೇಕಾಯಿತು!

ಡೆನ್ವರಿನಲ್ಲಿ ಮಗನ ಮನೆಯ ಪಕ್ಕದಲ್ಲಿ ನಿವೃತ್ತ ಮೇಷ್ಟರೊಬ್ಬರಿದ್ದರು. ವಯಸ್ಸು ಅರವತ್ತೆಂಟು. ತಂದೆ ಬಿಟ್ಟುಹೋದ ಕೋವಿಯನ್ನು ಹಿಡಿದು ಒಮ್ಮೆಯಾದರೂ ಎಲ್ಕ್ ಬೇಟೆಗೆ ಹೋಗಬೇಕೆಂಬುದು ಅವರ ಬಹುದಿನದ ಆಸೆ. ಅದಕ್ಕಾಗಿ ಆರು ವರ್ಷ ಹಣ ಕೂಡಿಸಿದ್ದರು. ನಾನು ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡುತ್ತ ತಲೆ ನರೆಸಿಕೊಂಡವನೆಂದು ತಿಳಿದದ್ದೇ ತಡ, ಮೂವರು ಔಟ್‌ಫಿಟರುಗಳ ಕಾಗದಪತ್ರಗಳನ್ನು ತಂದು ನನ್ನ ಮುಂದೆ ಹರಡಿದರು.

ಎಲ್ಕ್ ಎಂದರೆ ನಮ್ಮ ಕಡವೆಯ ಬಂಧು. ಬಲಿತ ಗಂಡು ಮುನ್ನೂರು ಕಿಲೋ ತೂಗುತ್ತದೆ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಕೊಲರಾಡೊದಲ್ಲಿ ಇವು ಬಹುಮಟ್ಟಿಗೆ ಅಳಿದೇಹೋಗಿದ್ದವು. ವಯೋಮಿಂಗಿನಿಂದ ತಂದು ಬಿಟ್ಟ ಮೇಲೆ ಹೆಚ್ಚಿದವು. ಈಗ ಎರಡೂವರೆ ಲಕ್ಷಕ್ಕೂ ಮೇಲಿವೆ. ಕೋವಿ, ಮದ್ದುಗುಂಡುಗಳ ಮೇಲಿನ ತೆರಿಗೆ ವನ್ಯಮೃಗಗಳ ರಕ್ಷಣೆಗೇ ಹೋಗಬೇಕೆಂದು 1937ರಲ್ಲಿ ಅಲ್ಲಿ ಕಾಯಿದೆಯಾಯಿತು. ನಮ್ಮಲ್ಲಿಯಾದರೋ 1972ರ ಕಾಯಿದೆಯ ಮೇಲೆ ಶಿಕಾರಿಯೆಂಬುದು ಪುಸ್ತಕದಲ್ಲಿ ಓದುವ ಸಂಗತಿ. ಬೇಟೆಗಾರನ ದುಡ್ಡಿನಿಂದಲೇ ಮೃಗವನ್ನು ಕಾಯುವ ಈ ಲೆಕ್ಕ ನನ್ನ ತಲೆಗೆ ಹತ್ತಲು ಎರಡು ದಿನ ಹಿಡಿಯಿತು.

ಔಟ್‌ಫಿಟರನ ಕೆಲಸ ಸಣ್ಣದಲ್ಲ. ಹತ್ತು ಸಾವಿರ ಅಡಿ ಎತ್ತರದ ಬೆಟ್ಟದಲ್ಲಿ ಡೇರೆ, ಕುದುರೆ, ಅಡಿಗೆ, ದಾರಿ ತೋರುವವನು ಎಲ್ಲವನ್ನೂ ಒದಗಿಸಬೇಕು. ಬಿದ್ದ ಮೃಗದ ಮಾಂಸವೇ ಎಂಬತ್ತು ತೊಂಬತ್ತು ಕಿಲೋ ಆಗುತ್ತದೆ. ತಿನ್ನಬಹುದಾದ ಮಾಂಸವನ್ನು ಕೊಳೆಯಲು ಬಿಟ್ಟರೆ ಅಪರಾಧ. ಒಳ್ಳೆಯ ಕೋವಿಗಿಂತ ಒಳ್ಳೆಯ ಹೇಸರಗತ್ತೆ ಮುಖ್ಯವೆಂದು ಮೇಷ್ಟರು ಹೇಳಿದ್ದು ತಮಾಷೆಗಲ್ಲ.

ಮೊದಲನೆಯವನ ಜಾಹೀರಾತಿನಲ್ಲಿ ಕಣ್ಣು ಕೋರೈಸುವ ಕೊಂಬುಗಳು. ಕೆಳಗೆ ‘ನೂರಕ್ಕೆ ನೂರು ಅವಕಾಶ’ ಎಂಬ ಭರವಸೆ. ಇಡೀ ರಾಜ್ಯದಲ್ಲಿ ಎಲ್ಕ್ ಸಿಕ್ಕುವುದು ಸುಮಾರು ಐವರಲ್ಲಿ ಒಬ್ಬನಿಗೆ. ಹಾಗಿದ್ದರೆ ಈ ನೂರು ಎಲ್ಲಿಂದ ಬಂತು? ವಿಚಾರಿಸಿದರೆ, ದೂರದ ಗುಡ್ಡದಲ್ಲಿ ಮೃಗ ಕಣ್ಣಿಗೆ ಬಿದ್ದರೂ ಅದು ‘ಅವಕಾಶ’ವೇ! ನೂರಕ್ಕೆ ನೂರು ಲಾಭವೆಂದು ಬರೆದ ಅರ್ಜಿಗಳನ್ನು ನಾವು ಬ್ಯಾಂಕಿನಲ್ಲಿ ಕಟ್ಟಿನ ಅಡಿಗೆ ಇಡುತ್ತಿದ್ದೆವು.

ಕೊಲರಾಡೊದಲ್ಲಿ ಔಟ್‌ಫಿಟರು ಸರಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ಜಾಮೀನು, ವಿಮೆ, ಲಿಖಿತ ಕರಾರು ಇರಬೇಕು. ರಾಷ್ಟ್ರೀಯ ಅರಣ್ಯಕ್ಕೆ ಕರೆದೊಯ್ಯುವುದಾದರೆ ಅರಣ್ಯ ಇಲಾಖೆಯ ಪರವಾನಗಿ ಬೇರೆ. ಎರಡನೆಯವನು ಎಲ್ಲರಿಗಿಂತ ಅಗ್ಗ. ಆದರೆ ಪರವಾನಗಿಯ ಮಾತೆತ್ತಿದೊಡನೆ ಅವನು ಹವಾಮಾನದ ವಿಷಯ ತೆಗೆದ. ಅವನ ಕಾಗದವೂ ಅಡಿಗೆ ಹೋಯಿತು.

ಮೂರನೆಯವನಿಗೆ ಟೆಲಿಫೋನು ಮಾಡುವ ಮುನ್ನ ಮೇಷ್ಟರ ಹೆಂಡತಿ ಬೇಲಿಯ ಬಳಿ ನನ್ನನ್ನು ನಿಲ್ಲಿಸಿದರು. “ಕೊಂಬು ಬಂದರೆಷ್ಟು, ಬಿಟ್ಟರೆಷ್ಟು? ಇವರಿಗೆ ಹೋದ ವರ್ಷ ಎದೆನೋವು ಬಂದಿತ್ತು. ಹಟ ಹಿಡಿದರೆ ಯಾರ ಮಾತೂ ಕೇಳುವವರಲ್ಲ. ಇವರನ್ನು ಮನೆಗೆ ತಂದು ಬಿಡುವವನು ಯಾರೆಂದು ನೋಡಿ” ಎಂದರು. ಅಲ್ಲಿಯವರೆಗೆ ನಾನು ನೋಡುತ್ತಿದ್ದುದು ಹಣದ ಭದ್ರತೆಯನ್ನು. ಆಕೆ ಕೇಳಿದ್ದು ಗಂಡನ ಪ್ರಾಣವನ್ನು.

ಮೂರನೆಯವನು ತನ್ನ ಗುಣಗಾನ ಮಾಡಲಿಲ್ಲ. ಹಿಂದಿನ ವರ್ಷ ಹನ್ನೆರಡು ಜನ ಬಂದಿದ್ದರು, ಐವರಿಗೆ ಸಿಕ್ಕಿತು, ಉಳಿದವರು ಬರಿಗೈಯಲ್ಲಿ ಹೋದರು ಎಂದ. ಆಮೇಲೆ ಮೇಷ್ಟರನ್ನೇ ಪ್ರಶ್ನಿಸತೊಡಗಿದ: ಎಷ್ಟು ಮೈಲಿ ನಡೆಯಬಲ್ಲಿರಿ? ಕುದುರೆ ಹತ್ತಿ ಅಭ್ಯಾಸವುಂಟೇ? ಡಾಕ್ಟರು ಏನೆನ್ನುತ್ತಾರೆ? ಹಿಂದೆ ಬಂದವರಲ್ಲಿ ಮೂವರ ಹೆಸರು ಕೊಟ್ಟು, “ಮೂರನೆಯವನಿಗೆ ಏನೂ ಸಿಗಲಿಲ್ಲ. ಮೊದಲು ಅವನನ್ನೇ ಕೇಳಿ” ಎಂದ.

ನಾನು ಒಂದೇ ಪ್ರಶ್ನೆ ಕೇಳಿದೆ: “ಇವರು ಮುಂದೆ ಹೋಗೋಣವೆಂದು ಹಟ ಹಿಡಿದು, ನಿಮಗೆ ಅದು ಸರಿಕಾಣದಿದ್ದರೆ?”

“ಕುದುರೆ ನನ್ನದು ಸ್ವಾಮಿ, ಹಿಂದಕ್ಕೆ ತಿರುಗಿಸುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ.”

ಮೇಷ್ಟರ ಮುಖ ಸ್ವಲ್ಪ ಸಣ್ಣದಾಯಿತು. ಆದರೂ ಡಾಕ್ಟರ ಒಪ್ಪಿಗೆ ಪಡೆದು ಅವನೊಡನೆಯೇ ಕರಾರಿಗೆ ರುಜು ಹಾಕಿದರು. ತಿರುಗಿಸುವ ಅಧಿಕಾರ ಅವನದೆಂಬ ಮಾತನ್ನು ನಾನೇ ಕರಾರಿನಲ್ಲಿ ಸೇರಿಸಿದೆ. ಯೋಚಿಸಿ ನೋಡಿದರೆ ಮಾರ್ಗದರ್ಶಕನಿಗೆ ನಾವು ಹಣ ಕೊಡುವುದು ದಾರಿ ತೋರುವುದಕ್ಕಿಂತ ಹೆಚ್ಚಾಗಿ ‘ಇನ್ನು ಸಾಕು’ ಎನ್ನುವುದಕ್ಕೆ. ನಮ್ಮ ಹಣ ತೆಗೆದುಕೊಂಡು ನಮಗೇ ‘ಬೇಡ’ ಎನ್ನಬಲ್ಲವರು ವೈದ್ಯರಲ್ಲಿಯೂ ವಕೀಲರಲ್ಲಿಯೂ ವಿರಳ.

ನಾನು ಬೆಂಗಳೂರಿಗೆ ಮರಳಿದ ಮೇಲೆ, ಅಕ್ಟೋಬರ್ ಕೊನೆಯಲ್ಲಿ, ಮೇಷ್ಟರ ಹೆಂಡತಿಯಿಂದ ಕಾಗದ ಬಂತು. ನಾಲ್ಕನೆಯ ದಿನ ಎದುರು ಇಳಿಜಾರಿನಲ್ಲಿ ಭಾರಿ ಗಂಡೊಂದು ಕಂಡಿತಂತೆ. ಮೋಡ ಕವಿದು ಹಿಮ ಬೀಳಲು ತೊಡಗಿತ್ತು, ಮೇಷ್ಟರಿಗೆ ಉಸಿರು ಕಟ್ಟುತ್ತಿತ್ತು. ಅವನು ಮಾತಿಲ್ಲದೆ ಕುದುರೆಯನ್ನು ತಿರುಗಿಸಿದ. ಮೇಷ್ಟರು ಎರಡು ದಿನ ಅವನೊಡನೆ ಮಾತು ಬಿಟ್ಟಿದ್ದರು. ಮೂರನೆಯ ದಿನ ತಾವೇ ಟೆಲಿಫೋನು ಮಾಡಿ ಮುಂದಿನ ವರ್ಷಕ್ಕೂ ಅವನಿಗೇ ಮುಂಗಡ ಕಳಿಸಿದರಂತೆ.