ಕೀಲೆಣ್ಣೆಯ ಧಾರಾಳ

ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ಹಿತ್ತಾಳೆ ತಾಮ್ರಗಳಿಗೆ ಕಿಲುಬು. ರಾಯಕೋಟೆಯ ಗ್ಯಾರೇಜಿನಲ್ಲಿ ನಾವು ತಮಿಳಿನ ‘ತುರು’ ಎಂದರೂ ಮನೆಯಲ್ಲಿ ಅದು ತುಕ್ಕೇ.

ಹಿಂಗಾರು ಮಳೆಯಲ್ಲಿ ಒಂದು ರಾತ್ರಿ ಬಯಲಲ್ಲಿ ನಿಂತ ಕಾರಿನ ಬ್ರೇಕ್ ಡಿಸ್ಕ್ ಬೆಳಗಾಗುವಷ್ಟರಲ್ಲಿ ಕೆಂಪಡರಿರುತ್ತದೆ. ಅದು ಎರಕದ ಕಬ್ಬಿಣ. ಪ್ಯಾಡು ಉಜ್ಜುವ ಮೈಗೆ ಬಣ್ಣ ಬಳಿಯುವಂತಿಲ್ಲ. ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಆ ಕೆಂಪು ಹೋದೀತು. ನಾವು ಅಂಜಬೇಕಾದುದು ಮಕ್ಕಳು ಬೆಂಗಳೂರಿನಲ್ಲಿದ್ದು, ಊರಿನ ಮನೆಯ ಮುಂದೆ ಹ್ಯಾಂಡ್‌ಬ್ರೇಕ್ ಎಳೆದು ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿಗೆ. ಡಿಸ್ಕಿನಲ್ಲಿ ಗುಳಿ ಬೀಳುತ್ತದೆ. ಹಿಂದಿನ ಚಕ್ರದ ಬ್ರೇಕ್ ಕಚ್ಚಿಕೊಳ್ಳುತ್ತದೆ. ದೀಪಾವಳಿಗೆ ಬಂದವರು ಸಂಸಾರ ಸಮೇತ ಅದನ್ನೇ ಹತ್ತಿ ಕೃಷ್ಣಗಿರಿಯ ಹೆದ್ದಾರಿಗೆ ಹೊರಡುತ್ತಾರೆ!

ತೊಳೆದ ಕಾರನ್ನು ಒಂದು ಸುತ್ತು ಓಡಿಸಿ ಬ್ರೇಕ್ ಒಣಗಿಸಿಯೇ ನಿಲ್ಲಿಸಬೇಕು. ಬಹುಕಾಲ ನಿಲ್ಲಿಸುವುದಾದರೆ ಸಮನೆಲದಲ್ಲಿ, ಗೇರಿನಲ್ಲಿಟ್ಟು, ಗಾಡಿಯವರಂತೆ ಚಕ್ರಕ್ಕೆ ಕಲ್ಲು ಕೊಡುವುದು ಲೇಸು. ಚಕ್ರ ಕಳಚಿದಾಗ ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಿಂದ ತಿಕ್ಕಿಸಬೇಕು. ಅಲ್ಲಿ ಉಳಿದ ತುಕ್ಕಿನ ಹಕ್ಕಳೆ ಡಿಸ್ಕನ್ನು ತುಸು ಓರೆಯಾಗಿ ಕೂರಿಸುತ್ತದೆ, ಬ್ರೇಕ್ ಪೆಡಲ್ ಕಾಲಡಿ ನಡುಗುತ್ತದೆ. ಎತ್ತಿನ ಗಾಡಿಯ ಅಚ್ಚಿಗೆ ಹಿರಿಯರು ಹಚ್ಚುತ್ತಿದ್ದ ಕೀಲೆಣ್ಣೆಯ ಧಾರಾಳ ಇಲ್ಲಿ ಸಲ್ಲದು. ಹಬ್ಬಿನ ನಡುವಣ ಉಬ್ಬಿಗೆ ತೆಳ್ಳನೆಯ ಗ್ರೀಸ್ ಸಾಕು. ಡಿಸ್ಕಿನ ಮೈಗೆ ಅದು ತಾಕಿದರೆ ಬ್ರೇಕಿನ ಹಿಡಿತವೇ ತಪ್ಪುತ್ತದೆ; ಹೊರಡುವ ಮುನ್ನ ಅಂಗಳದಲ್ಲೇ ಒಮ್ಮೆ ಒತ್ತಿ ನೋಡಬೇಕು.