ಜಾವಾಕ್ಕೆ ಹತ್ತಿದ ಟಾರು

ನಮ್ಮೂರ ರಸ್ತೆಗೆ ಟಾರು ಹಾಕಿಸಿ ಎಂದು ಅಪ್ಪ ಹನ್ನೊಂದು ವರ್ಷ ಅರ್ಜಿ ಬರೆದರು. ಹನ್ನೆರಡನೆಯ ವರ್ಷ ಟಾರು ಬಂತು. ಬಂದದ್ದೇ ಅವರ ಜಾವಾದ ಮೇಲೆ ಕೂತಿತು.

ಅಷ್ಟೂ ಅರ್ಜಿಗಳಿಗೆ ಮೂಲವೂ ಆ ಜಾವಾವೇ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ಹುಟ್ಟಿ, ಒಬ್ಬ ಯಜಮಾನನನ್ನು ಕಂಡು, ಮಲೆನಾಡಿನ ನಮ್ಮ ಮನೆ ತುಂಬಿಕೊಂಡ ಬೈಕು. ಕಡುಗೆಂಪು ಮೈ, ಪೆಟ್ರೋಲ್ ಟ್ಯಾಂಕಿನ ಎರಡೂ ಕೆನ್ನೆಗೆ ಕ್ರೋಮು. ಆ ಕ್ರೋಮಿನಲ್ಲಿ ನೋಡಿಕೊಂಡೇ ನಾನು ತಲೆ ಬಾಚುತ್ತಿದ್ದೆ. ಮುಖ ಹಲಸಿನಕಾಯಿಯಷ್ಟು ಉದ್ದಕ್ಕೆ ಕಂಡರೂ ಬೈತಲೆ ನೇರ ಇರುತ್ತಿತ್ತು. ಕಿಕ್ಕರನ್ನೇ ಮುಂದಕ್ಕೆ ತಿರುಗಿಸಿದರೆ ಗೇರಾಗುವ ವಿಚಿತ್ರ ಗಾಡಿ ಅದು. ಯಾರಾದರೂ ಒಂದು ರೌಂಡು ಹೊಡೆಯಲು ಕೇಳಿದರೆ ಅಪ್ಪ ಧಾರಾಳವಾಗಿ ಕೀಲಿ ಕೊಡುತ್ತಿದ್ದರು. ಸ್ಟಾರ್ಟ್ ಮಾಡಲು ತಿಳಿಯದೆ ಅವರೇ ವಾಪಸು ಕೊಟ್ಟು ಹೋಗುತ್ತಿದ್ದರು.

ಮಳೆಗಾಲದಲ್ಲಿ ಈ ಸೌಂದರ್ಯವೆಲ್ಲ ಕೆಮ್ಮಣ್ಣಿನಲ್ಲಿ ಮುಳುಗುತ್ತಿತ್ತು. ಆದರೆ ಕೆಸರು ನೆಂಟನಿದ್ದಂತೆ, ಎರಡು ಕೊಡ ನೀರು ಹೊಯ್ದರೆ ಹೊರಡುತ್ತದೆ. ಟಾರು ಮನೆಯಳಿಯ.

ಅದು ಬಂದದ್ದು ಒಂದು ಏಪ್ರಿಲ್‌ನಲ್ಲಿ. ರಸ್ತೆ ಬದಿ ಬೆಂಕಿಯ ಮೇಲೆ ಡಾಂಬರು ಕುದಿಯುತ್ತಿತ್ತು. ಕಾಲಿಗೆ ಗೋಣಿ ಸುತ್ತಿಕೊಂಡ ಕೂಲಿಯವರು ಜಲ್ಲಿ ಹರಡುತ್ತಿದ್ದರು, ಹಿಂದೆ ರೋಡ್ ರೋಲರು ಬಸುರಿ ಎಮ್ಮೆಯಂತೆ ಬರುತ್ತಿತ್ತು. ರಸ್ತೆ ಆರುವ ಮೊದಲೇ ಅಪ್ಪ ಜಾವಾ ಇಳಿಸಿದರು. ಹನ್ನೊಂದು ವರ್ಷ ಕಾದವರಿಗೆ ಇನ್ನೊಂದು ರಾತ್ರಿ ಕಾಯಲು ಆಗಲಿಲ್ಲ. ಮನೆಗೆ ಮರಳಿದಾಗ ಮಡ್‌ಗಾರ್ಡು, ಸೈಲೆನ್ಸರು, ಟ್ಯಾಂಕಿನ ಕೆನ್ನೆ ಎಲ್ಲ ಕಡೆ ಕರಿ ಚುಕ್ಕೆ.

"ದೃಷ್ಟಿಬೊಟ್ಟು ಆಯ್ತು ಬಿಡಿ," ಎಂದಳು ಅಮ್ಮ.

ಕೇರಿಗೆ ಕೇರಿಯೇ ಸಲಹೆ ಹೊತ್ತು ಬಂತು. ಒಬ್ಬರು ಬ್ಲೇಡಿನಿಂದ ಹೆರೆಯಿರಿ ಎಂದರು. ಇನ್ನೊಬ್ಬರು ಹುಣಸೆಹಣ್ಣು, ಬೂದಿ ಎಂದರು, ಜಾವಾ ಏನೋ ತಾಮ್ರದ ಹಂಡೆ ಎಂಬಂತೆ. ಪೆಟ್ರೋಲು ಹಾಕಿದರೆ ಬಣ್ಣದ ಹೊಳಪೇ ಮಸುಕಾಗಬಹುದೆಂದು ಅಪ್ಪ ಒಪ್ಪಲಿಲ್ಲ. ಕ್ರೋಮಿನ ಬಗ್ಗೆ ಅವರಿಗೆ ಇನ್ನೂ ದಿಗಿಲು. ಹೊಳೆಯುವ ಆ ಪದರ ಕೂದಲೆಳೆಗಿಂತಲೂ ತೀರಾ ತೆಳುವು, ಅದರಡಿ ನಿಕ್ಕಲ್, ಅದರಡಿ ಬರೀ ಕಬ್ಬಿಣ. ಒಮ್ಮೆ ಗೀರು ಬಿತ್ತೋ, ಮಲೆನಾಡಿನ ಮಳೆ ಅಲ್ಲಿಂದಲೇ ಒಳಹೊಕ್ಕು ತುಕ್ಕಿನ ಸಂಸಾರ ಹೂಡುತ್ತದೆ. "ಮೇಲಿರೋದು ಬರೀ ಮರ್ಯಾದೆ ಕಣೋ," ಎನ್ನುತ್ತಿದ್ದರು.

ಕೊನೆಗೆ ದಾರಿ ತೋರಿಸಿದವಳು ಅಮ್ಮ. "ಹಲಸಿನ ಮೇಣ ಕೈಗೆ ಹತ್ತಿದರೆ ಏನು ಮಾಡ್ತೀರಿ?"

ಕೊಬ್ಬರಿ ಎಣ್ಣೆ! ಟಾರೂ ಎಣ್ಣೆಯ ಕುಲದ್ದೇ, ಕಚ್ಚಾತೈಲ ಬಟ್ಟಿಯಿಳಿಸಿದ ಮೇಲೆ ತಳದಲ್ಲಿ ಉಳಿಯುವ ಮಡ್ಡಿ. ನೀರಿಗೆ ಬಗ್ಗದ್ದು ನಂಟರನ್ನು ಕಂಡರೆ ಕರಗುತ್ತದೆ. ಹಳೇ ಪಂಚೆಯ ತುಂಡನ್ನು ಎಣ್ಣೆಯಲ್ಲಿ ಅದ್ದಿ ಚುಕ್ಕೆಗಳ ಮೇಲೆ ಹಚ್ಚಿ ಅಪ್ಪ ಕಾಲು ಗಂಟೆ ಬಿಟ್ಟರು. ಆಮೇಲೆ ಉಜ್ಜಲಿಲ್ಲ, ಮಗುವಿನ ಮೂಗು ಒರೆಸಿದಂತೆ ಒರೆಸಿದರು, ಪ್ರತಿ ಸಲ ಬಟ್ಟೆಯ ಹೊಸ ಮಗ್ಗುಲು. ಗೀರು ಹಾಕುವುದು ಟಾರಲ್ಲ, ಅದರೊಳಗೆ ಅಡಗಿದ ಮರಳು. ಸೈಲೆನ್ಸರಿನ ಬಿಸಿಗೆ ಬೆಂದು ಕೂತಿದ್ದ ಚುಕ್ಕೆಗಳಿಗೆ, ಅದು ಪೂರ್ತಿ ತಣಿದ ಮೇಲೆ, ರೇಷನ್ನಿನ ನೀಲಿ ಸೀಮೆಎಣ್ಣೆ. ಅಮ್ಮ ಅದನ್ನು ಅಳೆದು ಕೊಟ್ಟದ್ದು ಒಳಲೆಯಲ್ಲಿ. ಕಡೆಗೆ ಸೋಪಿನ ನೀರು, ಒಣಬಟ್ಟೆ, ಮೇಣದ ಪಾಲಿಶ್. ಮಡ್‌ಗಾರ್ಡಿನ ಒಳಮೈಯಲ್ಲಿ ಹತ್ತಿದ್ದು ಮಾತ್ರ ಜಪ್ಪಯ್ಯ ಎಂದರೂ ಬರಲಿಲ್ಲ.

ಜೂನ್ ಬಂತು. ಹೊಸ ರಸ್ತೆಯ ಟಾರು ಹಪ್ಪಳದಂತೆ ಎದ್ದು, ಆಗಸ್ಟಿನ ಹೊತ್ತಿಗೆ ಹೊಳೆ ಸೇರಿತ್ತು. ಮಡ್‌ಗಾರ್ಡಿನ ಒಳಗಿನದು ಅಲ್ಲೇ ಇತ್ತು! ಊರಿಗೆ ಬಂದಿದ್ದ ನೆಂಟರೊಬ್ಬರು ನಿವೃತ್ತ ಇಂಜಿನಿಯರು, ಗುಟ್ಟು ಬಿಡಿಸಿದರು: ಕಲ್ಲಿನ ಮೇಲೆ ಧೂಳಿದ್ದರೆ ಟಾರು ಹಿಡಿಯುವುದು ಧೂಳನ್ನು, ಕಲ್ಲನ್ನಲ್ಲ. ಕಲ್ಲಿಗಾದರೂ ಟಾರಿಗಿಂತ ನೀರೇ ಹೆಚ್ಚು ಪ್ರೀತಿ, ಸಂದು ಸಿಕ್ಕರೆ ಮಳೆ ಒಳನುಗ್ಗಿ ಇಬ್ಬರನ್ನೂ ಬೇರೆ ಮಾಡುತ್ತದೆ. ಅಪ್ಪನ ಜಾವಾದಲ್ಲಿ ಹುಡುಕಿದರೂ ಧೂಳಿರಲಿಲ್ಲವಲ್ಲ.

ಅಪ್ಪನ ಹನ್ನೆರಡನೆಯ ಅರ್ಜಿ ಅಂದು ರಾತ್ರಿಯೇ ತಯಾರಾಯಿತು. ಜಲ್ಲಿಯನ್ನು ಹೇಗೆ ಶುಚಿಮಾಡಬೇಕೆಂಬ ಸೂಚನೆಯ ಜೊತೆ, ಸಾಕ್ಷಿಗೆಂದು ಟಾರು ಮೆತ್ತಿದ ಪಂಚೆಯ ಚೂರೊಂದನ್ನೂ ಲಗತ್ತಿಸಿದ್ದರು. ಉತ್ತರ ಬರಲಿಲ್ಲ.

1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು. ಬಿಡಿಭಾಗ ಹುಡುಕಿ ಹುಡುಕಿ ಸೋತು ಅಪ್ಪ ಜಾವಾವನ್ನು ಕೊಟ್ಟಿಗೆ ಸೇರಿಸಿದರು. ಓಡದ ಗಾಡಿಯನ್ನು ಭಾನುವಾರ ಒರೆಸುವುದನ್ನು ಮಾತ್ರ, ಕೈಕಾಲು ಆಡುವ ತನಕ, ಬಿಡಲಿಲ್ಲ.

ಈಗ ಅಮ್ಮ ಬೆಂಗಳೂರಿನಲ್ಲಿ ನನ್ನ ಜೊತೆ. ಹೋದ ತಿಂಗಳು ಊರ ಮನೆ ನೋಡಿ ಬಂದಾಗ ಕಾರಿನ ಬಾಗಿಲ ಕೆಳಗೆಲ್ಲ ಕರಿ ಚುಕ್ಕೆ. ಮುಂದಿನ ಗ್ರಿಲ್ಲಿಗೂ ನಾಲ್ಕು ಹತ್ತಿದ್ದವು. ಅಲ್ಲಿ ಕ್ರೋಮಿನಡಿ ಕಬ್ಬಿಣವೂ ಇಲ್ಲ, ಪ್ಲಾಸ್ಟಿಕ್ಕು. ತೊಳೆಯುವ ಹುಡುಗ ಸ್ಪ್ರೇ, ಪ್ಯಾಕೇಜು ಎಂದೆಲ್ಲ ಹೇಳಿದ. ನಾನು ಮನೆಗೆ ಬಂದು ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದು ಕೂತೆ. ಅಮ್ಮ ಕೋಲೂರಿಕೊಂಡು ಹತ್ತಿರ ಬಂದಳು.

"ಊರಿಂದ ಬರೋವಾಗ ಹತ್ತಿದ್ದೇನೋ?"

"ಹೌದಮ್ಮ."

ಅವಳ ಮುಖ ಅರಳಿತು. "ಹಾಗಾದರೆ ನಮ್ಮ ರಸ್ತೆಗೆ ಟಾರು ಹಾಕ್ತಿದಾರಾ ಮಾರಾಯ?"

"ಇಲ್ಲಮ್ಮ. ಇದು ತುಮಕೂರಿನ ಹತ್ತಿರದ್ದು."

ಅಮ್ಮ ಬಗ್ಗಿ ಬಾಟಲಿ ಎತ್ತಿಕೊಂಡು ಮುಚ್ಚಳ ಬಿಗಿದಳು. "ಅದಕ್ಕೆ ಇಷ್ಟೆಲ್ಲ ಎಣ್ಣೆ ಬೇಡ."